ರಷ್ಯನ್ ಓದಿ ಏನು ಮಾಡುತ್ತಾಳೆ?

“ರಷ್ಯನ್ ಓದಿ ಏನು ಮಾಡುತ್ತಾಳೆ?” ಈ ಪ್ರಶ್ನೆಯನ್ನು ಹೋದ ಬೇಸಗೆಯಲ್ಲಿ ನ್ಯಾಮತಿಯ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕುಳಿತು ಕನಿಷ್ಠಪಕ್ಷ ಹತ್ತು ಸಲ ಕೇಳಿದ್ದೇನೆ. ಕೇಳಿದವರು ಬೇರೆ ಬೇರೆ. ಒಬ್ಬರು ಅಡಿಕೆ ವ್ಯಾಪಾರಿ, ಒಬ್ಬರು ನಿವೃತ್ತ ಶಿರಸ್ತೇದಾರರು, ಇನ್ನೊಬ್ಬರು ನನ್ನ ಸಹೋದ್ಯೋಗಿ. ಪ್ರಶ್ನೆ ಮಾತ್ರ ಒಂದೇ. ಅದನ್ನು ಕೇಳುವ ಧಾಟಿಯೂ ಒಂದೇ: ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟು, ತುಸು ಮುಂದಕ್ಕೆ ಬಾಗಿ, ತಮಗೆ ಉತ್ತರ ಮೊದಲೇ ಗೊತ್ತಿದೆ ಎಂಬಂಥ ನಗೆಯೊಂದಿಗೆ.

ಅವರನ್ನು ನಾನು ದೂರುವುದಿಲ್ಲ. ಇದೇ ಪ್ರಶ್ನೆಯನ್ನು ಇದೇ ಊರು ನನಗೂ ಕೇಳಿತ್ತು. ಆಗ ಅದರ ರೂಪ, “ಕನ್ನಡ ಎಂ.ಎ. ಮಾಡಿ ಏನು ಮಾಡ್ತೀಯಪ್ಪ?” ಎಂದಿತ್ತು. ಮನೆಯಲ್ಲಿ, ಮಾರ್ಕೆಟ್ಟಿನಲ್ಲಿ, ಜಗಳದಲ್ಲಿ ಎಲ್ಲರೂ ಬಿಟ್ಟಿಯಾಗಿ ಆಡುವ ಮಾತನ್ನು ಒಬ್ಬ ದುಡ್ಡು ಕೊಟ್ಟು ಎರಡು ವರ್ಷ ಕಲಿಯುವುದು ಅವರಿಗೆ ವಿಚಿತ್ರವಾಗಿ ಕಂಡಿರಬೇಕು. ಈಗ ಯಾರೂ ಆಡದ ಮಾತನ್ನು ಕಲಿಯುವುದು ಅಷ್ಟೇ ವಿಚಿತ್ರವಾಗಿ ಕಾಣುತ್ತಿದೆ. ಒಟ್ಟಿನಲ್ಲಿ ಭಾಷೆಯನ್ನು ಕಲಿಯುವವನಿಗೆ ಎರಡು ಕಡೆಯಿಂದಲೂ ಪೆಟ್ಟು ತಪ್ಪಿದ್ದಲ್ಲ.

ರಷ್ಯನ್ ಓದುತ್ತೇನೆಂದು ಹೊರಟವಳು ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಕಲಾ ವಿಭಾಗ ಮುಗಿಸಿದ ಒಬ್ಬ ಹುಡುಗಿ. ಊರಿನಿಂದ ಕೆಲವು ಮೈಲಿ ಆಚೆಗಿನ ತಾಂಡಾದವಳು, ಮನೆಮಾತು ಲಂಬಾಣಿ. ಇಡೀ ಊರು ನನ್ನನ್ನು ಪ್ರಶ್ನಿಸುವುದಕ್ಕೆ ಕಾರಣವೂ ಇದೆ. ಆ ಹುಚ್ಚು ಅವಳಿಗೆ ಹತ್ತಿದ್ದು ನನ್ನಿಂದ. ಅದನ್ನು ಬಿಡಿಸಲು ಹೋಗಿ ಸೋತವನೂ ನಾನೇ.

ಕಥೆ ಒಂದು ಟ್ರಂಕಿನಿಂದ ಪ್ರಾರಂಭವಾಗುತ್ತದೆ. ನನ್ನ ಸೋದರಮಾವ ಭದ್ರಾವತಿಯ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಅವರಿಗೆ ಎರಡು ಚಟ: ಒಂದು ನಶ್ಯ, ಇನ್ನೊಂದು ಸೋವಿಯತ್ ಪುಸ್ತಕ. ಆ ಕಾಲದಲ್ಲಿ ಮಾಸ್ಕೋದ ಪ್ರಗತಿ, ಮಿರ್, ರಾದುಗ ಪ್ರಕಾಶನಗಳ ಪುಸ್ತಕಗಳು ನಮ್ಮ ಕಡೆಗೂ ಬರುತ್ತಿದ್ದವು. ಬೆಂಗಳೂರಿನ ನವಕರ್ನಾಟಕದವರು ಅವನ್ನು ಮಾರುತ್ತಿದ್ದರು. ಗಟ್ಟಿ ರಟ್ಟು, ಒಳ್ಳೆಯ ಕಾಗದ, ಬಣ್ಣದ ಚಿತ್ರ. ಬೆಲೆ ಮಾತ್ರ ಒಂದು ಊಟದ ಬೆಲೆಗಿಂತ ಕಡಿಮೆ. ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪು ಹಾಳೆಗಳಲ್ಲಿ ನಾವು ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕಿಕೊಳ್ಳುತ್ತಿದ್ದೆವು. ನನ್ನ ಮಗ್ಗಿ ಪುಸ್ತಕದ ಮೇಲೆ ಬಹಳ ದಿನ ಒಬ್ಬ ಟ್ರ್ಯಾಕ್ಟರ್ ಹೆಂಗಸು ನಗುತ್ತಿದ್ದಳು. 1991ರಲ್ಲಿ ಆ ದೇಶ ಒಡೆದುಹೋಯಿತು. ಪುಸ್ತಕ ಬರುವುದು ನಿಂತಿತು. ಮಾವ ಟ್ರಂಕಿಗೆ ಬೀಗ ಹಾಕಿ ಬೀಗದ ಕೈಯನ್ನು ನನಗೆ ಕೊಟ್ಟರು. “ಓದೋನು ನೀನೊಬ್ಬನೇ” ಎಂದರು.

ಆ ಟ್ರಂಕಿನಲ್ಲಿ ನೀನಾ ಪೊತಪೊವಾ ಎಂಬಾಕೆ ಇಂಗ್ಲಿಷ್ ಬಲ್ಲವರಿಗಾಗಿ ಬರೆದ ರಷ್ಯನ್ ಪ್ರಾಥಮಿಕ ಪಾಠಗಳ ಪುಸ್ತಕವಿತ್ತು. ಪಿ.ಯು.ಸಿ. ಓದುವಾಗ ಅದನ್ನು ಹಿಡಿದು ಕುಳಿತೆ. ಮೂವತ್ತಮೂರು ಅಕ್ಷರಗಳನ್ನು ಕಲಿಯಲು ಒಂದು ವಾರ ಸಾಕಾಯಿತು. ಗುರುವಿಲ್ಲ, ಕೇಳುವವರಿಲ್ಲ, ತಿದ್ದುವವರಿಲ್ಲ. ಆದುದರಿಂದ ನನ್ನ ಉಚ್ಚಾರ ನನಗೆ ತುಂಬ ಚೆನ್ನಾಗಿದೆ ಎಂದೇ ಅನ್ನಿಸುತ್ತಿತ್ತು. 1997ರಲ್ಲಿ ಪಿ.ಯು.ಸಿ. ಮುಗಿದ ಮೇಲೆ, ದೆಹಲಿಯಲ್ಲಿ ರಷ್ಯನ್ ಭಾಷೆಯಲ್ಲೇ ಬಿ.ಎ. ಮಾಡಬಹುದು ಎಂದು ಯಾರೋ ಹೇಳಿದರು. ಅಲ್ಲಿ 1965ರಲ್ಲಿ ಆರಂಭವಾದ ರಷ್ಯನ್ ಅಧ್ಯಯನ ಸಂಸ್ಥೆ ಮುಂದೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸೇರಿಹೋಗಿ, ಭಾಷೆ ಸಾಹಿತ್ಯಗಳ ಜೊತೆಗೆ ಆ ಸೀಮೆಯ ಚರಿತ್ರೆ, ಸಂಸ್ಕೃತಿಗಳನ್ನೂ ಕಲಿಸುತ್ತಿತ್ತು. ನಾನು ಮನೆಯಲ್ಲಿ ಬಾಯಿಬಿಟ್ಟೆ.

ತಂದೆಯವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಹಟ ಹಿಡಿಯಬಹುದಿತ್ತು. “ಆ ದೇಶವೇ ಇಲ್ಲವಲ್ಲೋ. ಅದರ ಭಾಷೆ ಕಲಿತು ಯಾರ ಹತ್ತಿರ ಮಾತಾಡ್ತೀಯ?” ಎಂದು ಕೇಳಿದರು. ದೇಶಕ್ಕೆ ಹೆಸರು ಬದಲಾದರೆ ಭಾಷೆ ಸಾಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದೇ ವರ್ಷ ನಾವೂ ಮನೆಯಿಂದ ಕದಲದೆ ಶಿವಮೊಗ್ಗ ಜಿಲ್ಲೆಯಿಂದ ದಾವಣಗೆರೆ ಜಿಲ್ಲೆಗೆ ಬಂದಿದ್ದೆವು; ಮುಂದೆ ಹೀಗೆಯೇ ಹೊನ್ನಾಳಿ ತಾಲ್ಲೂಕನ್ನೂ ಬಿಟ್ಟು ನ್ಯಾಮತಿಯನ್ನೇ ತಾಲ್ಲೂಕು ಮಾಡಿಕೊಂಡೆವು. ಅದಕ್ಕಾಗಿ ನಮ್ಮ ಮಾತೇನೂ ಬದಲಾಗಲಿಲ್ಲ. ಈ ಉತ್ತರ ನನಗೆ ಹೊಳೆದದ್ದು ಹತ್ತು ವರ್ಷದ ಮೇಲೆ. ಅಂದು ಸುಮ್ಮನಾದೆ. ಶಿವಮೊಗ್ಗದಲ್ಲಿ ಬಿ.ಎ., ಶಂಕರಘಟ್ಟದಲ್ಲಿ ಎಂ.ಎ. ಆಯಿತು. ಕನ್ನಡ ನನಗೆ ಅನ್ನವನ್ನೂ ಕೊಟ್ಟಿತು, ಅದಕ್ಕಿಂತ ಹೆಚ್ಚಿನದನ್ನೂ ಕೊಟ್ಟಿತು, ಕೊರಗಿಲ್ಲ. ಆದರೂ ಟ್ರಂಕನ್ನು ಮಾತ್ರ ಯಾರಿಗೂ ಕೊಡಲಿಲ್ಲ.

ಉಪಾಧ್ಯಾಯನಾದವನಿಗೆ ತಾನು ಅರೆಬರೆ ಬಲ್ಲ ವಿಷಯವನ್ನು ಕುರಿತು ಮಾತನಾಡುವುದರಲ್ಲಿ ಒಂದು ಸುಖವಿದೆ. ವಿಭಕ್ತಿ ಪ್ರತ್ಯಯಗಳ ಪಾಠ ಬಂದಾಗಲೆಲ್ಲ ನಾನು ರಷ್ಯಕ್ಕೆ ಒಂದು ಸುತ್ತು ಹೋಗಿಬರುತ್ತೇನೆ. ಕನ್ನಡ ವ್ಯಾಕರಣಕಾರರು ಏಳು ವಿಭಕ್ತಿ ಹೇಳಿದರೆ ರಷ್ಯನ್ನಿನಲ್ಲಿ ಆರು. “ನಾನು ಅಧ್ಯಾಪಕ” ಎನ್ನುವಾಗ ನಮಗೆ ಕ್ರಿಯಾಪದ ಬೇಡ. ಅವರಿಗೂ ಬೇಡ: “ಯಾ ಉಚೀತೆಲ್” ಎಂದರಾಯಿತು. ಇಂಗ್ಲಿಷಿನವನು ಪುಸ್ತಕವನ್ನು ‘ಹೊಂದಿರುತ್ತಾನೆ’. ನಾವು “ನನ್ನ ಹತ್ತಿರ ಪುಸ್ತಕ ಇದೆ” ಎನ್ನುತ್ತೇವೆ. ರಷ್ಯದವನೂ “ಉ ಮೆನ್ಯಾ ಕ್ನೀಗಾ”, ‘ನನ್ನ ಹತ್ತಿರ ಪುಸ್ತಕ’ ಎಂದೇ ಅನ್ನುತ್ತಾನೆ. ಚಳಿಯಾದರೆ ಅವನಿಗೂ ನಮ್ಮಂತೆ ಚತುರ್ಥಿಯೇ ಬೇಕು: “ಮ್ನೇ ಹೋಲದ್ನ”, ‘ನನಗೆ ಚಳಿ’. ನೀನು, ನೀವು ಎಂಬ ಭೇದವೂ ಅಲ್ಲಿದೆ. ಇಷ್ಟನ್ನು ಹಲಗೆಯ ಮೇಲೆ ಬರೆದಾಗ ಮಕ್ಕಳು ಒಂದು ಕ್ಷಣ ತೂಕಡಿಕೆ ಬಿಡುತ್ತಾರೆ. ಅಷ್ಟು ಲಾಭ ಸಾಕು.

ಅಂಥ ಒಂದು ತರಗತಿ ಮುಗಿದ ಮೇಲೆ ಆ ಹುಡುಗಿ ಸಿಬ್ಬಂದಿ ಕೊಠಡಿಯ ಬಾಗಿಲಿಗೆ ಬಂದು ನಿಂತಳು. ಕೊನೆಯ ಬೆಂಚಿನ ಹುಡುಗಿ. ಎರಡು ವರ್ಷದಲ್ಲಿ ಒಂದು ಪ್ರಶ್ನೆ ಕೇಳಿದವಳಲ್ಲ. “ಸರ್, ಆ ಪುಸ್ತಕ ಕೊಡ್ತೀರಾ?” ಎಂದಳು. “ಅದು ಇಂಗ್ಲಿಷಿನಲ್ಲಿದೆಯಮ್ಮ” ಎಂದೆ. “ಇರಲಿ ಸರ್” ಎಂದಳು. ಕೊಟ್ಟೆ. ವಾರದಲ್ಲಿ ಹಿಂತಿರುಗಿ ಬರುತ್ತದೆ ಎಂದುಕೊಂಡಿದ್ದೆ. ಪುಸ್ತಕ ಬರಲಿಲ್ಲ, ಪ್ರಶ್ನೆಗಳು ಬಂದವು.

ಒಂದು ದಿನ ನಾನು ನನ್ನ ಪಾಂಡಿತ್ಯವನ್ನು ಮೆರೆಯುತ್ತಿದ್ದೆ. ರಷ್ಯನ್ನಿನಲ್ಲಿ ನಾಮಪದಗಳಿಗೆಲ್ಲ ಮೂರು ಲಿಂಗ. ಮೇಜು ಗಂಡು, ಪುಸ್ತಕ ಹೆಣ್ಣು, ಕಿಟಕಿ ನಪುಂಸಕ. ಕನ್ನಡದಲ್ಲಿ ಲಿಂಗವೆಂಬುದು ಅರ್ಥವನ್ನು ಅನುಸರಿಸುತ್ತದೆ. ಆದ್ದರಿಂದ ನಮಗೆ ಇದು ಬಹಳ ಕಷ್ಟ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮಗೆ ಕಷ್ಟ ಸರ್. ನಮ್ಮ ಮಾತಿನಲ್ಲಿ ವಸ್ತುಗಳಿಗೂ ಗಂಡು ಹೆಣ್ಣು ಇದೆ” ಎಂದಳು. ಆಮೇಲೆ, “ಅಲ್ಲಿ ಮೂರಕ್ಕೆ ತ್ರಿ, ನಾಲ್ಕಕ್ಕೆ ಚೆತೀರೆ. ನಾವು ತೀನ್, ಚಾರ್ ಅಂತೀವಿ. ನೀವು ಮೂರು, ನಾಲ್ಕು ಅಂತೀರಿ. ರಷ್ಯನ್ ನಮಗೆ ನೆಂಟರಾಗಬೇಕಲ್ವಾ ಸರ್?” ಎಂದು ಕೇಳಿದಳು.

ನಾನು ಬೆಪ್ಪಾದೆ. ಮಾತು ನಿಜ. ಕನ್ನಡ ದ್ರಾವಿಡ ವರ್ಗದ್ದು. ಲಂಬಾಣಿ ರಾಜಸ್ಥಾನದ ಕಡೆಯ ಆರ್ಯಭಾಷೆಗಳ ಕುಲಕ್ಕೆ ಸೇರಿದ್ದು. ಆ ಕುಲ ಮೇಲಕ್ಕೆ ಹೋದರೆ ಸಂಸ್ಕೃತದ ಜೊತೆಗೆ ರಷ್ಯನ್ನನ್ನೂ ಒಂದೇ ಮನೆತನದಲ್ಲಿ ಕೂಡುತ್ತದೆ. ಭಾಷಾವಿಜ್ಞಾನವನ್ನು ಓದಿ, ಪರೀಕ್ಷೆ ಬರೆದು, ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ, ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಟಾಲ್‌ಸ್ಟಾಯ್ ಮಹಾಶಯರ ದೂರದ ದಾಯಾದಿಯೊಬ್ಬಳು ಕುಳಿತಿದ್ದಾಳೆಂದು ಹೊಳೆದಿರಲಿಲ್ಲ. ಮಾಸ್ತಿಯವರದೊಂದು ಕಥೆಯಿದೆ, ‘ಟಾಲ್‌ಸ್ಟಾಯ್ ಮಹರ್ಷಿಯ ಭೂರ್ಜವೃಕ್ಷಗಳು’. ಆ ಭೂರ್ಜಕ್ಕೆ ರಷ್ಯನ್ನಿನಲ್ಲಿ ‘ಬೆರ್ಯೋಜ’. ಎರಡೂ ಒಂದೇ ಬೇರಿನ ಮಾತು. ಈ ವಿಷಯವನ್ನು ನಾನು ಪ್ರತಿವರ್ಷ ಹಲಗೆಯ ಮೇಲೆ ಬರೆದು ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಬೇರು ಎಲ್ಲಿದೆ ಎಂದು ತೋರಿಸಿದೆನೇ ಹೊರತು, ಅದರ ಒಂದು ಚಿಗುರು ಎದುರಿಗೇ ಇದೆ ಎಂದು ನೋಡಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಅವಳು ತನ್ನ ಸಂಕಲ್ಪವನ್ನು ತಿಳಿಸಿದಳು. ದೆಹಲಿಯಲ್ಲಿರುವಂತೆಯೇ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿಯೂ ರಷ್ಯನ್ ಬಿ.ಎ. ಇದೆ. 1958ರಲ್ಲಿ ಇಂಗ್ಲಿಷ್ ಉಪಾಧ್ಯಾಯರನ್ನು ತಯಾರು ಮಾಡಲೆಂದು ಹುಟ್ಟಿದ ಸಂಸ್ಥೆ ಅದು. 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಎರಡು ಕಡೆಗೂ ಪ್ರವೇಶ ಪರೀಕ್ಷೆ ಬರೆಯುತ್ತೇನೆ, ತಂದೆಗೆ ನೀವು ಹೇಳಬೇಕು ಎಂದಳು.

ಆಗ ನಾನು ಏನು ಮಾಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ನನ್ನ ತಂದೆ ನನಗೆ ಹೇಳಿದ್ದನ್ನೇ ಹೇಳಿದೆ. ಇನ್ನೂ ನಯವಾಗಿ, ಇನ್ನೂ ಹೆಚ್ಚು ಅಂಕಿ ಅಂಶಗಳನ್ನು ಸೇರಿಸಿ ಹೇಳಿದೆ. ಬಿ.ಎ., ಬಿ.ಎಡ್. ಮಾಡಿದರೆ ಶಾಲೆಯ ಕೆಲಸ ಸಿಗುತ್ತದೆ. ರಷ್ಯನ್ ಕಲಿಸುವ ಶಾಲೆ ನಮ್ಮ ಕಡೆ ಒಂದೂ ಇಲ್ಲ. ಅಷ್ಟು ಆಸೆಯಿದ್ದರೆ ಪದವಿ ಮುಗಿಸಿ ಬೆಂಗಳೂರಿಗೆ ಹೋಗಿ ಸರ್ಟಿಫಿಕೇಟ್ ಕೋರ್ಸು ಮಾಡಬಹುದು. ಎಲ್ಲವೂ ಸುಳ್ಳಲ್ಲ. ಆದರೆ ಹೇಳುವಾಗ ನನ್ನ ಕೊರಳಿನಿಂದ ಬರುತ್ತಿದ್ದ ಸ್ವರ ನನ್ನದಾಗಿರಲಿಲ್ಲ.

ಅವಳು ತಲೆ ತಗ್ಗಿಸಿ ಕೇಳಿದಳು. ಕೊನೆಗೆ, “ಸರ್, ಇಂಗ್ಲಿಷಿನಲ್ಲಿ ಕಾನ್ವೆಂಟಿನವರು ನನಗಿಂತ ಹತ್ತು ವರ್ಷ ಮುಂದಿದಾರೆ. ಕನ್ನಡದಲ್ಲಿ ಊರಿನ ಮಕ್ಕಳು ಮುಂದಿದಾರೆ. ರಷ್ಯನ್ನಿನಲ್ಲಿ ಎಲ್ಲರೂ ಮೊದಲನೇ ಅಕ್ಷರದಿಂದ ಶುರು ಮಾಡ್ತಾರಂತೆ. ಅಲ್ಲಿ ಯಾರೂ ನಗೋದಿಲ್ಲ” ಎಂದಳು.

ಅಲ್ಲಿ ಯಾರೂ ನಗುವುದಿಲ್ಲ. ಆ ಮಾತು ಕಿವಿಗೆ ಬಿದ್ದ ಕೂಡಲೆ ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ಮೊದಲ ವರ್ಷದ ತರಗತಿ; ಪದ್ಯವನ್ನು ಗಟ್ಟಿಯಾಗಿ ಓದಲು ಒಬ್ಬ ಹುಡುಗಿಯನ್ನು ಎಬ್ಬಿಸಿದ್ದೆ. ಅವಳ ಉಚ್ಚಾರದಲ್ಲಿ ಮನೆಮಾತಿನ ಧಾಟಿಯಿತ್ತು. “ಇದು ಹಳಗನ್ನಡವೂ ಅಲ್ಲ, ನಡುಗನ್ನಡವೂ ಅಲ್ಲ, ತಾಂಡಾಗನ್ನಡ” ಎಂದೆ. ತರಗತಿ ಘೊಳ್ಳೆಂದಿತು. ಹಾಸ್ಯ ಫಲಿಸಿತೆಂದು ನಾನೂ ನಕ್ಕೆ. ಮರುದಿನದಿಂದ ಆ ಹುಡುಗಿ ಕೊನೆಯ ಬೆಂಚಿಗೆ ಹೋದಳು. ನಾನು ಮರೆತೆ, ಮರೆಯುವ ಸೌಕರ್ಯ ಯಾವಾಗಲೂ ನಗಿಸಿದವನಿಗೆ, ನಗೆಗೆ ಗುರಿಯಾದವರಿಗಲ್ಲ. ಕನ್ನಡದ ಅಧ್ಯಾಪಕನಾದ ನಾನೇ ಅವಳಿಗೆ ಕನ್ನಡವನ್ನು ಪರಕೀಯ ಮಾಡಿದ್ದೆ. ಈಗ ಅವಳು ರಷ್ಯಕ್ಕೆ ಹೊರಟಿರುವುದು ಅಷ್ಟು ದೂರದ ಯಾತ್ರೆಯೇನೂ ಅಲ್ಲ ಎನ್ನಿಸಿತು. ನನ್ನ ತರಗತಿಯಿಂದ ಎಷ್ಟು ದೂರ ಹೋಗಬೇಕೋ ಅಷ್ಟು ದೂರ ಅವಳು ಹೊರಟಿದ್ದಳು.

“ಅಂದು ನಾನು ಹಾಗೆ ಅಂದದ್ದು ತಪ್ಪು” ಎಂದೆ. ಅವಳು, “ಅದಕ್ಕಲ್ಲ ಸರ್” ಎಂದಳು. ಅದಕ್ಕೇ ಎಂದು ಇಬ್ಬರಿಗೂ ಗೊತ್ತಿತ್ತು. ಮರುದಿನ ತರಗತಿಯಲ್ಲಿ, ಎಲ್ಲರೂ ಕೇಳುವಂತೆ, ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ. ಹುಡುಗರು ಮುಖಮುಖ ನೋಡಿಕೊಂಡರು, ಅವರಿಗೂ ಮರೆತಿತ್ತು.

ಇನ್ನು ತಂದೆಯನ್ನು ಕಾಣುವುದು ಉಳಿಯಿತು. ಒಂದು ಭಾನುವಾರ ತಾಂಡಾಕ್ಕೆ ಹೋದೆ. ಎರಡು ಎಕರೆ ಮೆಕ್ಕೆಜೋಳದ ಹೊಲ. ಬೆಳೆ ಬಂದ ಮೇಲೆ ಕಾಫಿ ಸೀಮೆಗೆ ಕೂಲಿಗೆ ಹೋಗುತ್ತಾರೆ. ಹಗ್ಗದ ಮಂಚದ ಮೇಲೆ ನನ್ನನ್ನು ಕೂರಿಸಿ ತಾವು ನೆಲದ ಮೇಲೆ ಕುಳಿತರು. ನಾನು ಬಲವಂತ ಮಾಡಿದ ಮೇಲೆ ಮಂಚದ ಆ ತುದಿಗೆ ಬಂದರು.

ನಾನು ಸಿದ್ಧಮಾಡಿಕೊಂಡು ಹೋಗಿದ್ದ ಭಾಷಣವನ್ನು ಒಪ್ಪಿಸಿದೆ. ನಮ್ಮ ನಾಡಿಗೆ ರಷ್ಯದ ನಂಟು ಇಂದಿನದಲ್ಲ. ತ್ವೇರ್ ಎಂಬ ಊರಿನ ಅಫನಾಸಿ ನಿಕಿತಿನ್ ಎಂಬ ವರ್ತಕ 1470ರ ಸುಮಾರಿಗೆ ನಮ್ಮ ಬೀದರಿಗೆ ಬಂದು, ಕುದುರೆ ಮಾರಿ, ಕಂಡದ್ದನ್ನು ಬರೆದಿಟ್ಟ. ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ ‘ಆರ್ಯಭಟ’ ಉಪಗ್ರಹ 1975ರ ಏಪ್ರಿಲ್ 19ರಂದು ಮೇಲೇರಿದ್ದು ಅವರ ನೆಲದಿಂದ, ಅವರ ರಾಕೆಟ್ಟಿನಲ್ಲಿ. ಎರಡು ಭಾಷೆ ಬಲ್ಲವರು ನಡುವೆ ನಿಲ್ಲದೆ ಅಂಥ ಕೆಲಸ ಸಾಗುವುದಿಲ್ಲ. ಕೂಡಂಕುಳಂನ ಅಣುವಿದ್ಯುತ್ ಸ್ಥಾವರವೂ ಅವರ ಸಹಾಯದಿಂದಲೇ ಆದದ್ದು. ಭಾಷಾಂತರದ ಕೆಲಸವಿದೆ, ದುಭಾಷಿಯ ಕೆಲಸವಿದೆ, ಕಾಲೇಜಿನಲ್ಲಿ ಕಲಿಸುವ ಕೆಲಸವಿದೆ. ಸುಲಭವಾಗಿ ಸಿಗುತ್ತದೆ ಎಂದು ನಾನು ಹೇಳಲಿಲ್ಲ. ಇದೆ ಎಂದು ಮಾತ್ರ ಹೇಳಿದೆ. ಸ್ವಂತ ಲೋಭವೊಂದನ್ನೂ ಸೇರಿಸಿದೆ. ಗಾರ್ಕಿಯ ‘ತಾಯಿ’ಯನ್ನು ನಿರಂಜನರು ತಂದರು, ಟಾಲ್‌ಸ್ಟಾಯಿಯ ದೊಡ್ಡ ಕಾದಂಬರಿಗಳನ್ನು ದೇ. ಜವರೇಗೌಡರು ತಂದರು. ಆದರೂ ರಷ್ಯದಿಂದ ಕನ್ನಡಕ್ಕೆ ಬಂದದ್ದರಲ್ಲಿ ಬಹುಪಾಲು ಇಂಗ್ಲಿಷಿನ ಮನೆಯಲ್ಲಿ ತಂಗಿಯೇ ಬಂದದ್ದು. ನೇರವಾಗಿ ಕರೆತರುವವರು ಬೇಕು.

ಅವರು ಎಲ್ಲವನ್ನೂ ಸಾವಧಾನವಾಗಿ ಕೇಳಿ, “ಬೀದರಿಗೆ ಬಂದ್ನಲ್ಲ ಆ ಸಾಹುಕಾರ, ವಾಪಸ್ ಊರು ಸೇರಿದ್ನಾ ಮೇಷ್ಟ್ರೆ?” ಎಂದರು.

ಇಲ್ಲವೆನ್ನಬೇಕಾಯಿತು. ನಿಕಿತಿನ್ ತನ್ನ ಊರು ಮುಟ್ಟುವ ಮೊದಲೇ, ಸ್ಮೊಲೆನ್ಸ್ಕಿನ ಹತ್ತಿರ ತೀರಿಕೊಂಡ. ಐನೂರೈವತ್ತು ವರ್ಷದಲ್ಲಿ ಆ ಪ್ರವಾಸಿಯ ಬಗ್ಗೆ ಇಷ್ಟು ನೇರವಾದ ಪ್ರಶ್ನೆಯನ್ನು ಯಾರಾದರೂ ಕೇಳಿದ್ದಾರೆಯೋ ಇಲ್ಲವೋ.

“ಅದೇ ನೋಡ್ರಿ” ಎಂದರು. 2022ರಲ್ಲಿ ಯುದ್ಧ ಪ್ರಾರಂಭವಾದಾಗ ಪಕ್ಕದ ಹಾವೇರಿ ಜಿಲ್ಲೆಯಿಂದ ಉಕ್ರೇನಿಗೆ ಡಾಕ್ಟರಿಕೆ ಓದಲು ಹೋಗಿದ್ದ ಹುಡುಗ ಹಾರ್ಕಿವಿನಲ್ಲಿ ಶೆಲ್ ಬಿದ್ದು ಸತ್ತದ್ದು ಅವರಿಗೆ ನೆನಪಿತ್ತು. ನಮ್ಮ ಕಡೆ ಆ ಸುದ್ದಿಯನ್ನು ಮರೆತ ಮನೆ ಯಾವುದು? ಹೈದರಾಬಾದಿನಲ್ಲೋ ದೆಹಲಿಯಲ್ಲೋ ಓದುವುದು, ರಷ್ಯಕ್ಕೆ ಈಗ ಹೋಗಬೇಕಾಗಿಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು. “ದೂರ ಅಂದ್ರೆ ನಮಗೆ ಅಂಜಿಕೆ ಇಲ್ಲ ಮೇಷ್ಟ್ರೆ. ನಾವು ವರ್ಷಾ ವರ್ಷಾ ಊರು ಬಿಟ್ಟು ಹೋಗೋರು. ಹೋದೋರು ನಾವಾಗೇ ವಾಪಸ್ ಬರ್ತೀವಿ. ಓದಿದೋರು ಬರೋವಾಗ ಬೇರೆ ಆಗಿರ್ತಾರೆ. ಈಗ್ಲೇ ಬಸ್ಸಿನಾಗೆ ನಾನು ನಮ್ಮ ಮಾತಾಡಿದ್ರೆ ಈಕೆ ಕಿಟಕಿ ಕಡೆ ತಿರುಗ್ತಾಳೆ. ಇನ್ನೊಂದು ಭಾಷೆ ಬಂದ ಮೇಲೆ ನಮ್ಮ ಜೊತೆ ಯಾವ ಭಾಷೆಯಾಗೆ ಮಾತಾಡ್ತಾಳೆ?”

ಹುಡುಗಿ ಬಾಗಿಲ ಮರೆಯಲ್ಲಿದ್ದಳು. ನನ್ನ ಭಾಷಣದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವಳು ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಲು ಕಲಿತದ್ದು ಎಲ್ಲಿ ಎಂದು ಹೇಳಬಲ್ಲವನು ಮಾತ್ರ ಅಲ್ಲೇ ಕುಳಿತಿದ್ದೆ. ಹೇಳಿದೆ. ಆ ಮಧ್ಯಾಹ್ನದ ಸಂಗತಿಯನ್ನು ಇದ್ದದ್ದು ಇದ್ದಂತೆ ಹೇಳಿದೆ. ಆಮೇಲೆ, ರಷ್ಯನ್ ಪುಸ್ತಕ ಹಿಡಿದ ಮೇಲೆಯೇ ಅವಳು ಲಂಬಾಣಿಯ ಮಾತನ್ನು ನನ್ನೆದುರು ಬಾಯಿಬಿಟ್ಟು ಆಡಿದ್ದು, ತೀನ್, ಚಾರ್ ಎಂದು ನನ್ನನ್ನು ಸೋಲಿಸಿದ್ದು, ಇದನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ನನ್ನನ್ನು ಬೈಯಲಿಲ್ಲ. ಒಳಗಿನಿಂದ ಚಹಾ ಬಂತು.

ಕೊನೆಗೆ ಅವರು ಹೇಳಿದ್ದು ನಾನು ಊಹಿಸದ ಮಾತು. ನಮ್ಮ ತಾಲ್ಲೂಕಿನ ಸೂರಗೊಂಡನಕೊಪ್ಪ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿಯಲ್ಲಿ ಅಲ್ಲಿ ಜಯಂತಿಗೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದ ಬಂಜಾರರು ಬರುತ್ತಾರೆ. ಬೇರೆ ಬೇರೆ ರಾಜ್ಯದವರು, ಮನೆಮಾತು ಒಂದೇ. “ಹೈದರಾಬಾದ್ ಕಡೆಯಿಂದ ಬರೋರು ನಮ್ಮನೆಯಾಗೇ ಉಂಡಿದಾರೆ. ಅಲ್ಲಿ ನಮ್ಮ ಮಂದಿ ಬಾಳ ಇದಾರೆ. ಡೆಲ್ಲಿ ಬ್ಯಾಡ. ಹೈದರಾಬಾದ್ ಆದ್ರೆ ಹೋಗ್ಲಿ. ಅಲ್ಲಿ ನಮ್ಮ ಮಾತಾಡೋರು ಸಿಗ್ತಾರೆ” ಎಂದರು.

ವಿಶ್ವವಿದ್ಯಾಲಯಗಳನ್ನು ಆರಿಸಲು ನಾವು ಪಟ್ಟಿ ನೋಡುತ್ತೇವೆ, ಶುಲ್ಕ ನೋಡುತ್ತೇವೆ, ಹಾಸ್ಟೆಲು ನೋಡುತ್ತೇವೆ. ಅಲ್ಲಿ ನಮ್ಮ ಮಾತು ಆಡುವವರು ಸಿಗುತ್ತಾರೆಯೇ ಎಂದು ನೋಡಿ ಆರಿಸಿದ ಮೊದಲ ವ್ಯಕ್ತಿಯನ್ನು ನಾನು ಕಂಡದ್ದು ಅಂದೇ. ನನ್ನ ತಂದೆ “ಯಾರ ಹತ್ತಿರ ಮಾತಾಡ್ತೀಯ?” ಎಂದು ಕೇಳಿ ಬಾಗಿಲು ಮುಚ್ಚಿದ್ದರು. ಈ ತಂದೆ ಅದೇ ಪ್ರಶ್ನೆಯನ್ನು ಕೇಳಿ, ಉತ್ತರವನ್ನೂ ತಾವೇ ಹುಡುಕಿ, ಬಾಗಿಲು ತೆರೆದರು. ಆ ರಾತ್ರಿ ಮನೆಗೆ ಬಂದು ಕಿರ್ಗಿಜ್ ಲೇಖಕ ಚಿಂಗಿಜ್ ಐತ್ಮಾತೊವ್ ಬರೆದ ‘ಮೊದಲ ಗುರು’ ಎಂಬ ನೀಳ್ಗತೆಯನ್ನು ಟ್ರಂಕಿನಿಂದ ತೆಗೆದು ಓದಿದೆ. ಅದರಲ್ಲಿಯೂ ಅರೆಬರೆ ಅಕ್ಷರ ಬಲ್ಲ ಮೇಷ್ಟರೊಬ್ಬ ಹಳ್ಳಿಯ ಹುಡುಗಿಯೊಬ್ಬಳನ್ನು ಓದಲು ಪಟ್ಟಣಕ್ಕೆ ಕಳುಹಿಸುತ್ತಾನೆ. ಮೊದಲ ಸಲ ಓದಿದಾಗ ನಾನು ಆ ಹುಡುಗಿಯ ಜಾಗದಲ್ಲಿ ನನ್ನನ್ನು ಇಟ್ಟುಕೊಂಡಿದ್ದೆ. ಈಗ ಮೇಷ್ಟರ ಜಾಗದಲ್ಲಿ ಇಟ್ಟುಕೊಳ್ಳಲು ಹೋದೆ, ಧೈರ್ಯ ಸಾಲಲಿಲ್ಲ. ಅವನು ತನ್ನ ಶಿಷ್ಯೆಯನ್ನು ನೋಡಿ ನಕ್ಕವನಲ್ಲ.

ಅವಳಿಗೆ ಹೈದರಾಬಾದಿನಲ್ಲಿ ಸೀಟು ಸಿಕ್ಕಿತು. ಹೊರಟ ದಿನ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ತಂದೆ ಮಗಳು ಇಬ್ಬರೂ ಗಟ್ಟಿಯಾಗಿ ತಮ್ಮ ಮಾತಿನಲ್ಲಿ ಏನೋ ವಾದ ಮಾಡುತ್ತಿದ್ದರು. ಚೀಲದಲ್ಲಿ ರೊಟ್ಟಿ ಎಷ್ಟು ಇಡಬೇಕೆಂಬ ವಿಚಾರವಿರಬೇಕು. ನನಗೆ ಒಂದಕ್ಷರ ತಿಳಿಯಲಿಲ್ಲ. ತಿಳಿಯದ ಮಾತನ್ನು ಅಷ್ಟು ಸಂತೋಷದಿಂದ ನಾನು ಎಂದೂ ಕೇಳಿರಲಿಲ್ಲ.

ತಿಂಗಳ ಮೇಲೆ ಮೊಬೈಲಿಗೆ ಒಂದು ಚಿತ್ರ ಬಂತು. ನೋಟುಪುಸ್ತಕದ ಒಂದು ಹಾಳೆ. ರಷ್ಯನ್ ಲಿಪಿಯಲ್ಲಿ ದುಂಡಗೆ ಬರೆದ ಒಂದು ಪದ. ಕೂಡಿಸಿಕೊಂಡು ಓದಿದೆ. ‘ಯಾಡಿ’. ಲಂಬಾಣಿಯಲ್ಲಿ ತಾಯಿ ಎಂದರ್ಥ. ಆ ಭಾಷೆಗೆ ಸ್ವಂತ ಲಿಪಿಯಿಲ್ಲ. ಇಲ್ಲಿ ಬರೆಯುವವರು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಕೆಳಗೆ ಅವಳ ಒಕ್ಕಣೆಯಿತ್ತು: “ಸರ್, ಇವರಲ್ಲಿ ಡ ಇಲ್ಲ, ದ ಮಾತ್ರ ಇರೋದು. ಯಾಡಿ ಹೋಗಿ ಯಾದಿ ಆಯ್ತು. ಕನ್ನಡದಲ್ಲೇ ಸರಿಯಾಗಿ ಬರೆಯೋಕೆ ಬರೋದು.”

ನಾನು ಆ ಮಾತನ್ನು ಎರಡು ಸಲ ಓದಿದೆ. ರಷ್ಯನ್ ವರ್ಣಮಾಲೆಯಲ್ಲಿ ‘ಯಾ’ ಎಂಬುದು ಕಟ್ಟಕಡೆಯ ಅಕ್ಷರ. ಅದೇ ಅಕ್ಷರಕ್ಕೆ ‘ನಾನು’ ಎಂಬ ಅರ್ಥವೂ ಇದೆ. ಮಾತೆತ್ತಿದರೆ ‘ನಾನು, ನಾನು’ ಎನ್ನುವ ಮಕ್ಕಳಿಗೆ ಅಲ್ಲಿನ ಹಿರಿಯರು, ನಾನು ಎಂಬುದು ಅಕ್ಷರಮಾಲೆಯ ಕೊನೆಯದು ಎಂದು ಬುದ್ಧಿ ಹೇಳುತ್ತಾರಂತೆ. ಕೊನೆಯ ಬೆಂಚಿನ ಹುಡುಗಿಗೆ ಅಂಥ ಬುದ್ಧಿವಾದ ಬೇಕಾಗಿಲ್ಲ. ನನ್ನಂಥ ಮೇಷ್ಟರಿಗೆ ಬೇಕು.

ನಿನ್ನೆ ಹೋಟೆಲಿನಲ್ಲಿ ಅಡಿಕೆ ವ್ಯಾಪಾರಿಗಳು ಮತ್ತೆ ಸಿಕ್ಕಿದರು. “ಏನು ಮಾಡ್ತಿದಾಳೆ ನಿಮ್ಮ ರಷ್ಯದ ಹುಡುಗಿ?” ಎಂದರು. “ಓದುತ್ತಿದ್ದಾಳೆ” ಎಂದೆ. “ಓದಿ?” ಎಂದರು. ಮೂರು ವರ್ಷದ ಮೇಲೆ ಹೇಳುತ್ತೇನೆಂದು ಹೇಳಿ ಕಾಫಿಯ ದುಡ್ಡು ಕೊಟ್ಟು ಎದ್ದೆ. ಟ್ರಂಕಿನ ಬೀಗವನ್ನು ಈಗ ತೆಗೆದಿಟ್ಟಿದ್ದೇನೆ. ಈ ವರ್ಷದ ತರಗತಿಯಲ್ಲಿ ಪದ್ಯ ಓದಲು ಯಾರನ್ನು ಎಬ್ಬಿಸಿದರೂ, ಅವರು ಓದಿ ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡು ಕೇಳುವುದನ್ನು ಕಲಿಯುತ್ತಿದ್ದೇನೆ. ನಾನೂ ಮೊದಲನೆಯ ಅಕ್ಷರದಿಂದಲೇ ಪ್ರಾರಂಭ ಮಾಡಬೇಕಾಗಿದೆ.